ಪರದೆಯ ಮೇಲಣ ಶಿವಾನುಭವ ಗೋಷ್ಠಿ

ಗೋಷ್ಠಿ ಎಂಬ ಶಬ್ದವು ಸಂಸ್ಕೃತದ ‘ಗೋಷ್ಠ’ದಿಂದ ಬಂದುದು. ಗೋವುಗಳು ನಿಲ್ಲುವ ಎಡೆಯೇ ಗೋಷ್ಠ. ಕನ್ನಡದಲ್ಲಿ ದನದ ಹಟ್ಟಿ. ಹಗಲೆಲ್ಲ ಬೇರೆ ಬೇರೆ ಕಡೆ ಮೇದ ಹಸುಗಳು ಸಂಜೆ ಹಟ್ಟಿಗೆ ಬಂದು ಮೆಲುಕು ಹಾಕುತ್ತವೆ. ಅಂತೆಯೇ ಬೇರೆ ಬೇರೆ ಕಾಯಕಗಳಲ್ಲಿ ತೊಡಗಿದ ಜನರು ಒಂದೆಡೆ ಕೂಡಿ, ತಾವು ಕಂಡುದನ್ನೂ ಕೇಳಿದುದನ್ನೂ ಮೆಲುಕು ಹಾಕುವುದು ಗೋಷ್ಠಿ. ಒಬ್ಬರೇ ಮಾತನಾಡಿ ಮಿಕ್ಕವರೆಲ್ಲ ಸುಮ್ಮನೆ ಕುಳಿತಿರುವ ಕೂಟವು ಉಪನ್ಯಾಸವಾದೀತು, ಪ್ರವಚನವಾದೀತು. ಅವಕ್ಕೂ ಅವುಗಳದೇ ಆದ ಸ್ಥಾನವುಂಟು. ಆದರೆ ಅದು ಗೋಷ್ಠಿಯಾಗಲಾರದು.

ಈ ಭೇದವನ್ನು ಶೂನ್ಯಸಂಪಾದನೆಯನ್ನು ಓದಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಮೊದಲು ಸಂಕಲಿಸಿದ ಈ ಗ್ರಂಥವನ್ನು ಮುಂದೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣಾರ್ಯರು ಮತ್ತೆ ಮತ್ತೆ ಸಂಪಾದಿಸಿದರು. ಹೀಗೆ ನಾಲ್ಕು ಶೂನ್ಯಸಂಪಾದನೆಗಳಾದವು. ನಾಲ್ಕರಲ್ಲಿಯೂ ವಚನಗಳು ಬಿಡಿ ಉಪದೇಶಗಳಾಗಿ ನಿಲ್ಲದೆ ಪ್ರಶ್ನೆ, ಪ್ರತಿಪ್ರಶ್ನೆ, ಉತ್ತರಗಳಾಗಿ ಕೋದುಕೊಂಡಿವೆ. ಶೂನ್ಯಸಿಂಹಾಸನವನ್ನೇರಿದ ಅಲ್ಲಮಪ್ರಭುವು ಅಲ್ಲಿ ಕೇಳುವವನೂ ಹೌದು. ದೂರದಿಂದ ನಡೆದು ಬಂದ ಅಕ್ಕಮಹಾದೇವಿಯು ಕುಳಿತು ಕೇಳಿ ಎದ್ದು ಹೋಗುವುದಿಲ್ಲ. ಅವಳನ್ನು ಮಾತನಾಡಿಸುವುದರಲ್ಲಿಯೇ ಆ ಪ್ರಸಂಗದ ಜೀವವಿದೆ. ದೋಣಿ ನಡೆಸುವ ಚೌಡಯ್ಯ, ಬಟ್ಟೆ ಮಡಿ ಮಾಡುವ ಮಾಚಿದೇವ, ಹಗ್ಗ ಹೊಸೆಯುವ ಚಂದಯ್ಯ, ಅಕ್ಕಿ ಆಯುವ ಮಾರಯ್ಯ ಲಕ್ಕಮ್ಮ ದಂಪತಿಗಳು — ಇವರೆಲ್ಲರ ಮಾತಿಗೆ ಎಡೆಯಿದ್ದುದರಿಂದಲೇ ಅದು ಅನುಭವ ಮಂಟಪವೆನಿಸಿತು.

ಮಾತು ಹರಿಯುವ ಸಾಧನವು ಕಾಲಕಾಲಕ್ಕೆ ಬದಲಾಗಿದೆ. ಓಲೆಗರಿಯಲ್ಲಿದ್ದ ವಚನಗಳನ್ನು ಊರೂರು ಸುತ್ತಿ ಸಂಗ್ರಹಿಸಿದ ಫ. ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚು ಹಾಕಿಸಿದರು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದರು. ಗದಗಿನ ತೋಂಟದಾರ್ಯ ಮಠದಂತಹ ಸ್ಥಳಗಳಲ್ಲಿ ಸೋಮವಾರದ ಶಿವಾನುಭವವು ವಾರವಾರದ ವ್ರತದಂತೆ ನಡೆದು ಬಂದಿತು. 2020ರ ಮಾರ್ಚ್ 25ರಂದು ದೇಶದಲ್ಲೆಲ್ಲ ಲಾಕ್‌ಡೌನ್ ಆದಾಗ ಕೂಡುವ ದಾರಿಗಳೆಲ್ಲ ಒಮ್ಮೆಗೇ ಮುಚ್ಚಿದವು. ಆ ವರ್ಷದ ಬಸವ ಜಯಂತಿ ಏಪ್ರಿಲ್ 26ಕ್ಕೆ ಬಂದಿತು. ಮೆರವಣಿಗೆಯಿಲ್ಲ, ಸಭೆಯಿಲ್ಲ. ದೇಶವಿದೇಶಗಳ ಭಕ್ತರು ಅಂದು ಜಾಗತಿಕ ಬಸವ ಜಯಂತಿಯನ್ನು ಇಂಟರ್‌ನೆಟ್ಟಿನ ಮೂಲಕವೇ ಆಚರಿಸಿದರು. ಪ್ರಧಾನ ಮಂತ್ರಿಗಳ ಸಂದೇಶವೂ ವಿಡಿಯೋ ರೂಪದಲ್ಲಿಯೇ ಬಂದಿತು. ಜೂಮ್ ಎಂಬ ಒಂದೇ ವ್ಯವಸ್ಥೆಯಲ್ಲಿ 2019ರ ಡಿಸೆಂಬರಿನಲ್ಲಿ ದಿನಕ್ಕೆ ಒಂದು ಕೋಟಿಯಷ್ಟಿದ್ದ ಹಾಜರಿಯ ಲೆಕ್ಕವು 2020ರ ಏಪ್ರಿಲಿನಲ್ಲಿ ಮೂವತ್ತು ಕೋಟಿಗೆ ಏರಿತು. ಒಬ್ಬನೇ ಎರಡು ಸಭೆಗೆ ಹೋದರೆ ಎರಡೆಂದು ಎಣಿಸುವ ಲೆಕ್ಕವದು. ಆದರೂ ಏರಿಕೆಯು ಅಲ್ಪವಲ್ಲ.

ರೋಗದ ಭಯ ಕಳೆದ ಮೇಲೂ ಈ ಪದ್ಧತಿ ನಿಂತಿಲ್ಲ, ನಿಲ್ಲಬೇಕಾದುದೂ ಇಲ್ಲ. ಆದರೆ ಅದರಲ್ಲಿ ಒಂದು ದೋಷ ಬೆಳೆದಿದೆ. ವೇದಿಕೆಯ ಸಭೆಯ ಕ್ರಮವನ್ನೇ ಎತ್ತಿ ತಂದು ಪರದೆಗೆ ಅಂಟಿಸಲಾಗುತ್ತಿದೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಉದ್ಘಾಟಕರ ಮಾತು, ಮುಖ್ಯ ಅತಿಥಿಗಳ ಮಾತು, ಅಧ್ಯಕ್ಷ ಭಾಷಣ, ವಂದನಾರ್ಪಣೆ! ಹಣ ತೆರದೆ ಬಳಸುವವರಿಗೆ ಜೂಮ್ ಒಂದು ಸಭೆಗೆ ನಲವತ್ತು ನಿಮಿಷಗಳನ್ನು ಕೊಡುತ್ತದೆ, ಗೂಗಲ್ ಮೀಟ್ ಅರವತ್ತನ್ನು. ಯಂತ್ರಕ್ಕೆ ಹಿರಿಯರು ಕಿರಿಯರೆಂಬ ಭೇದವಿಲ್ಲ. ಅಧ್ಯಕ್ಷರು ವಚನಕ್ಕೆ ಅರ್ಥ ಹೇಳಲು ಬಾಯಿ ತೆರೆದ ಗಳಿಗೆಯಲ್ಲಿಯೇ ಕತ್ತರಿಸಿಬಿಟ್ಟೀತು. ಅಷ್ಟರಲ್ಲಿ ಕೇಳುವವರ ಪರದೆಗಳು ಒಂದೊಂದಾಗಿ ಕಪ್ಪಾಗಿರುತ್ತವೆ. ಅಜ್ಜಿ ಮೊಬೈಲನ್ನು ಗೂಡಿನಲ್ಲಿಟ್ಟು ಅಡಿಗೆಮನೆಗೆ ಹೋಗಿರುತ್ತಾಳೆ, ಮೊಮ್ಮಗ ಅದೇ ಯಂತ್ರದಲ್ಲಿ ಆಟವಾಡುತ್ತಿರುತ್ತಾನೆ. ಹಾಜರಿ ಎಂಬತ್ತೆಂದು ವರದಿಯಲ್ಲಿ ಬರೆಯುತ್ತಾರೆ. ಇದರಿಂದ ಆಗುವ ನಷ್ಟ ಸಣ್ಣದಲ್ಲ. ಪರಸ್ಥಳದಲ್ಲಿ ಬೆಳೆಯುವ ಮಕ್ಕಳಿಗೆ ವಚನದ ಕನ್ನಡವನ್ನು ಮನೆಯ ಹಿರಿಯರ ಬಾಯಿಂದ ಕೇಳುವ ಅವಕಾಶ ಪ್ರಾಯಶಃ ಇದೊಂದೇ. ಅದು ಬೇಸರದ ಹೆಸರಾದರೆ ಮತ್ತೆ ಕರೆದರೂ ಅವರು ಬರಲಾರರು.

ಹಾಗಾದರೆ ಕ್ರಮವೇನು? ಕೋಲಾರ ಜಿಲ್ಲೆಯ ಮಾಲೂರು ತಾಲ್ಲೂಕಿನ ಶಿವಾರಪಟ್ಟಣವನ್ನು ದೃಷ್ಟಾಂತವಾಗಿ ಇಟ್ಟುಕೊಳ್ಳಬಹುದು. ಅದು ಶಿಲ್ಪಿಗಳ ಊರು. ಗಂಗದೊರೆ ಶಿವಮಾರನಿಂದ ಈ ಹೆಸರು ಬಂದಿತೆಂಬ ಪ್ರತೀತಿಯುಂಟು. ಕಲ್ಲಿನ ವಿಗ್ರಹಗಳೂ, ಮೇಣದ ಅಚ್ಚು ಮಾಡಿ ಎರಕ ಹೊಯ್ದ ಲೋಹದ ವಿಗ್ರಹಗಳೂ ಅಲ್ಲಿಂದ ದೂರ ದೂರದ ಗುಡಿಗಳಿಗೆ ಹೋಗುತ್ತವೆ. ಶಿಲ್ಪಿಯು ಕಲ್ಲನ್ನು ಕಂಡೊಡನೆ ಉಳಿ ಇಡುವವನಲ್ಲ. ಮೊದಲು ಕಲ್ಲನ್ನು ತಟ್ಟಿ ಅದರ ನಾದವನ್ನು ಕೇಳುತ್ತಾನೆ. ನಾದದಿಂದ ಶಿಲೆಯ ಗುಣವನ್ನು ತಿಳಿಯಬೇಕೆಂದು ಶಿಲ್ಪಶಾಸ್ತ್ರವು ವಿಧಿಸುತ್ತದೆ. ಬಳಿಕ ತಾಳಮಾನದಲ್ಲಿ ಗೆರೆ ಎಳೆಯುತ್ತಾನೆ. ಕಣ್ಣು ತೆರೆಸುವುದು ಕಟ್ಟಕಡೆಯ ಕೆಲಸ. ಗೋಷ್ಠಿಯನ್ನು ಕೂಡಿಸುವವರಾದರೋ ಕಣ್ಣಿನಿಂದಲೇ ತೊಡಗುತ್ತಾರೆ: ಹಿನ್ನೆಲೆಯ ಚಿತ್ರ, ಆಹ್ವಾನ ಪತ್ರಿಕೆಯ ಬಣ್ಣ, ಅತಿಥಿಗಳ ಭಾವಚಿತ್ರ. ನಾದದ ಪರೀಕ್ಷೆಯನ್ನು ಮಾಡುವವರಿಲ್ಲ. ಮುಖ ಮಸುಕಾದರೆ ಗೋಷ್ಠಿ ಕೆಡುವುದಿಲ್ಲ, ಮಾತು ಕೇಳಿಸದಿದ್ದರೆ ಕೆಡುತ್ತದೆ.

ಆ ಊರಿನಲ್ಲಿಯೋ ನೆರೆಹಳ್ಳಿಯಲ್ಲಿಯೋ ಇರುವ ಒಂದು ಮನೆಯವರು ತಿಂಗಳಿಗೊಮ್ಮೆ ಇಂತಹ ಗೋಷ್ಠಿಯನ್ನು ಕೂಡಿಸಬೇಕೆಂದು ಬಯಸಿದರೆನ್ನೋಣ. ತಂದೆತಾಯಿಗಳು ಹಳ್ಳಿಯಲ್ಲಿ, ಹಿರಿಯ ಮಗ ನರಸಾಪುರದ ಕಾರ್ಖಾನೆಯೊಂದರಲ್ಲಿ ಪಾಳಿಯ ಕೆಲಸದಲ್ಲಿ, ಮಗಳು ಬೆಂಗಳೂರಿನಲ್ಲಿ, ಕಿರಿಯವನು ಅಮೆರಿಕದ ನ್ಯೂಜೆರ್ಸಿಯಲ್ಲಿ. ನೆಂಟರು ಇಷ್ಟರು ಸೇರಿ ಒಂಬತ್ತು ಮನೆಗಳು. ಹಗಲಿನಲ್ಲಿ ಅಲ್ಲಿ ಉಳಿಯ ಸದ್ದು, ಕಲ್ಲು ಕೊಯ್ಯುವ ಯಂತ್ರದ ಸದ್ದು ನಿಲ್ಲುವುದಿಲ್ಲ. ಕಾಯಕದ ಸದ್ದನ್ನು ನಿಲ್ಲಿಸಿರೆಂದು ಕೇಳುವುದೂ ತರವಲ್ಲ. ಆದುದರಿಂದ ಉಳಿ ಕೆಳಗಿಟ್ಟ ಮೇಲಿನ ಹೊತ್ತೇ ಯೋಗ್ಯ. ಸಂಜೆ ಏಳೂವರೆಗೆ ಕೂಡಿದರೆ ನ್ಯೂಜೆರ್ಸಿಯಲ್ಲಿ ಚಳಿಗಾಲದಲ್ಲಿ ಬೆಳಗಿನ ಒಂಬತ್ತು, ಬೇಸಿಗೆಯಲ್ಲಿ ಹತ್ತು. ಲಂಡನ್ನಿನಲ್ಲಿ ಮಧ್ಯಾಹ್ನದ ಎರಡು ಇಲ್ಲವೆ ಮೂರು. ಅಮೆರಿಕದವರು ಮಾರ್ಚಿಯಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟು ನವೆಂಬರಿನಲ್ಲಿ ಹಿಂದಿಡುತ್ತಾರೆ. ಆ ಎರಡು ತಿಂಗಳುಗಳಲ್ಲಿ ವೇಳೆಯನ್ನು ಮತ್ತೊಮ್ಮೆ ಕೇಳಿ ದೃಢಪಡಿಸಿಕೊಳ್ಳಬೇಕು. ಆಸ್ಟ್ರೇಲಿಯದ ಸಿಡ್ನಿಯಲ್ಲಿ ಮಕ್ಕಳಿರುವವರಿಗೆ ಈ ಹೊತ್ತು ನಡುರಾತ್ರಿಯಾಗುತ್ತದೆ. ಅಂತಹ ಮನೆಗಳಿಗೆ ಭಾನುವಾರ ಬೆಳಿಗ್ಗೆ ಏಳು ಗಂಟೆ ಹಿತ. ಸಿಡ್ನಿಯಲ್ಲಿ ಆಗ ಮಧ್ಯಾಹ್ನದ ಹೊತ್ತು, ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ. ಪಾಳಿಯವನ ವಾರದ ರಜೆ ಯಾವುದೆಂದು ಮೊದಲೇ ಕೇಳುವುದನ್ನು ಮರೆಯಬಾರದು. ವಿದೇಶದವನ ಅನುಕೂಲವನ್ನು ಎಲ್ಲರೂ ವಿಚಾರಿಸುತ್ತಾರೆ, ಹತ್ತು ಮೈಲಿಯಾಚೆಯ ಪಾಳಿಯವನನ್ನು ಯಾರೂ ಕೇಳುವುದಿಲ್ಲ.

ಹಳ್ಳಿಯಲ್ಲಿ ಮನೆಗೊಂದು ಪರದೆ ಬೇಕಾಗಿಲ್ಲ. ಒಂದು ಮನೆಯ ಜಗಲಿಯಲ್ಲಿ ಒಂದು ಟಿವಿಗೆ ಮೊಬೈಲು ಜೋಡಿಸಿ ಹತ್ತು ಜನ ಕುಳಿತರೆ ಅದು ಹತ್ತು ಮೂಲೆಗಳಲ್ಲಿ ಹತ್ತು ಮೊಬೈಲು ಹಿಡಿದು ಕುಳಿತುದಕ್ಕಿಂತ ಮೇಲು. ಗುಂಪಿನ ವಿಡಿಯೋ ಗಂಟೆಗೆ ಸುಮಾರು ಒಂದು ಜಿಬಿ ಡೇಟಾ ತಿನ್ನುತ್ತದೆ. ದಿನಕ್ಕೆ ಒಂದೂವರೆ ಜಿಬಿಯ ಪ್ಯಾಕಿನಲ್ಲಿ ಕಾಲ ಕಳೆಯುವ ಮನೆಗೆ ಅದು ಭಾರ. ಮೇಲಾಗಿ ಜಗಲಿಯಲ್ಲಿ ಕೂಡಿದವರಿಗೆ ಕೊನೆಯಲ್ಲಿ ಪ್ರಸಾದವುಂಟು. ಪರದೆಯು ದಾಸೋಹವನ್ನು ಮಾಡಲಾರದು. ಒಂದು ಎಚ್ಚರಿಕೆ ಮಾತ್ರ ಬೇಕು. ಒಂದೇ ಕೋಣೆಯಲ್ಲಿ ಎರಡು ಮೊಬೈಲುಗಳ ಮೈಕು ತೆರೆದಿದ್ದರೆ ಒಂದರ ದನಿ ಇನ್ನೊಂದರೊಳಗೆ ಹೊಕ್ಕು ಕಿವಿ ಕೊರೆಯುವ ಕೂಗು ಏಳುತ್ತದೆ. ಒಂದನ್ನುಳಿದು ಮಿಕ್ಕವನ್ನು ಮ್ಯೂಟ್ ಮಾಡಿ, ಅವುಗಳ ಸ್ಪೀಕರನ್ನೂ ಮುಚ್ಚಬೇಕು.

ನಡೆಸುವ ಭಾರವು ಇಬ್ಬರ ಮೇಲಿರಲಿ. ಒಬ್ಬರು ಮಾತನ್ನು ನಡೆಸುವವರು, ಇನ್ನೊಬ್ಬರು ಬಾಗಿಲು ಕಾಯುವವರು. ಲಿಂಕು ಕಳುಹಿಸುವುದು, ಬಂದವರನ್ನು ವೇಟಿಂಗ್ ರೂಮಿನಿಂದ ಒಳಬಿಡುವುದು, ಸದ್ದು ಬರುವ ಮೈಕನ್ನು ಮುಚ್ಚುವುದು ಎರಡನೆಯವರ ಕಾಯಕ. ಮನೆಯ ಕಿರಿಯರಿಗೆ ಇದನ್ನು ವಹಿಸಿದರೆ ಅವರು ಗೋಷ್ಠಿಯನ್ನು ಬಿಟ್ಟು ಹೋಗಲಾರರು. ಲಿಂಕನ್ನು ಊರ ವಾಟ್ಸಾಪ್ ಗುಂಪುಗಳಿಗೆಲ್ಲ ಹಂಚಬಾರದು. 2020ರಲ್ಲಿ ಅಪರಿಚಿತರು ನುಗ್ಗಿ ಸಭೆಗಳನ್ನು ಕೆಡಿಸಿದ್ದರಿಂದಲೇ ಪಾಸ್‌ಕೋಡ್, ವೇಟಿಂಗ್ ರೂಮುಗಳನ್ನು ಜೂಮ್ ಸಂಸ್ಥೆಯವರು ತಾವಾಗಿಯೇ ಜಾರಿಗೆ ತರಬೇಕಾಯಿತು. ರೆಕಾರ್ಡ್ ಮಾಡುವುದಾದರೆ ಎಲ್ಲರನ್ನೂ ಕೇಳಿಯೇ ಮಾಡಬೇಕು. ರೆಕಾರ್ಡ್ ಆಗುತ್ತಿದೆಯೆಂದರೆ ಮನೆಯ ಸೊಸೆ ತನ್ನ ಸಂಶಯವನ್ನು ನುಂಗಿಕೊಳ್ಳುವಳು, ಮಾಡದಿರುವುದೇ ಲೇಸು.

ಮಾತನ್ನು ನಡೆಸುವವರು ಒಂದು ತತ್ತ್ವವನ್ನು ಅರಿತಿರಬೇಕು. ಎದುರೆದುರು ಕುಳಿತವರ ಮಾತಿನಲ್ಲಿ ಒಬ್ಬರು ಮುಗಿಸಿ ಇನ್ನೊಬ್ಬರು ತೊಡಗುವ ನಡುವಣ ಅಂತರವು ಸರಾಸರಿ ಸೆಕೆಂಡಿನ ಐದನೆಯ ಒಂದು ಪಾಲು ಮಾತ್ರ. ಬೇರೆ ಬೇರೆ ದೇಶಗಳ ಹತ್ತು ಭಾಷೆಗಳನ್ನು ಪರೀಕ್ಷಿಸಿದ ವಿದ್ವಾಂಸರು 2009ರಲ್ಲಿ ಇದನ್ನು ಪ್ರಕಟಿಸಿದರು. ಇಂಟರ್‌ನೆಟ್ಟಿನಲ್ಲಿ ದನಿಯು ಆಚೆ ತಲುಪುವುದಕ್ಕೇ ಅನೇಕ ವೇಳೆ ಅಷ್ಟು ಹೊತ್ತು ಹಿಡಿಯುತ್ತದೆ. ಆದುದರಿಂದಲೇ ಇಬ್ಬರು ಒಮ್ಮೆಗೇ ಬಾಯಿ ತೆರೆಯುವುದು, ಇಬ್ಬರೂ ‘ನೀವು ಹೇಳಿ’ ಎಂದು ನಿಲ್ಲುವುದು, ಕೊನೆಗೆ ಇಬ್ಬರೂ ಹೇಳದಿರುವುದು. ಇದು ಸಭಿಕರ ಅವಿನಯವಲ್ಲ. ಆದರೆ ಇದರ ಫಲವನ್ನು ಅನುಭವಿಸುವವರು ಮೆಲುದನಿಯವರು, ಮುದುಕರು, ಹೆಂಗಸರು. ‘ಯಾರಿಗಾದರೂ ಪ್ರಶ್ನೆಗಳುಂಟೆ?’ ಎಂದು ಪರದೆಯ ಮುಂದೆ ಕೇಳಿದರೆ ಉತ್ತರ ಬರುವುದಿಲ್ಲ. ‘ಅಜ್ಜಿ, ಶರಣಾರ್ಥಿ. ಈ ವಚನವನ್ನು ನಿಮ್ಮ ಮನೆಯಲ್ಲಿ ಯಾರು ಹೇಳುತ್ತಿದ್ದರು?’ ಎಂದು ಹೆಸರಿಟ್ಟು, ಉತ್ತರಿಸಲು ಬರುವಂತಹ ಪ್ರಶ್ನೆಯನ್ನು ಕೇಳಬೇಕು. ಕೇಳಿದ ಮೇಲೆ ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಸುಮ್ಮನಿರಬೇಕು. ಮೌನವನ್ನು ಸಹಿಸಲಾರದವರು ಗೋಷ್ಠಿಯನ್ನು ನಡೆಸಲಾರರು.

ಕೋಲಾರದ ಸೀಮೆಯಲ್ಲಿ ಅಜ್ಜಿಯ ಉತ್ತರವು ತೆಲುಗಿನಲ್ಲಿ ಬರಲೂಬಹುದು. ಬರಲಿ. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ಬರೆದ ಬಸವಪುರಾಣವನ್ನೇ ಭೀಮಕವಿಯು 1369ರಲ್ಲಿ ಕನ್ನಡಕ್ಕೆ ತಂದನು. ಆ ಎರಡು ಭಾಷೆಗಳ ನಡುವೆ ಭಕ್ತಿಗೆ ಗಡಿಯಿರಲಿಲ್ಲ. ಒಬ್ಬರು ಎರಡು ಮಾತಿನಲ್ಲಿ ಕನ್ನಡಿಸಿದರೆ ಸಾಕು. ನ್ಯೂಜೆರ್ಸಿಯ ಮಗುವಿನ ಇಂಗ್ಲಿಷಿಗೂ ಇದೇ ನ್ಯಾಯ ಸಲ್ಲುತ್ತದೆ.

ವಚನಗಾಯನದ ವಿಷಯದಲ್ಲಿ ಅನೇಕರು ಎಡವುತ್ತಾರೆ. ಮೇಲೆ ಹೇಳಿದ ವಿಳಂಬದ ದೆಸೆಯಿಂದ ಎಲ್ಲರೂ ಕೂಡಿ ಹಾಡುವುದು ಪರದೆಯ ಮೇಲೆ ಅಸಾಧ್ಯ. ತಾಳವು ಒಂಬತ್ತು ಮನೆಗಳಲ್ಲಿ ಒಂಬತ್ತು ಬಗೆಯಾಗುತ್ತದೆ. ಒಬ್ಬರು ಹಾಡಬೇಕು, ಮಿಕ್ಕವರು ಮ್ಯೂಟ್ ಮಾಡಿಕೊಂಡು ತಮ್ಮ ತಮ್ಮ ಮನೆಯಲ್ಲಿ ದನಿಗೂಡಿಸಬೇಕು. ಇನ್ನೊಂದು ಸೂಕ್ಷ್ಮ: ಈ ಯಂತ್ರಗಳು ಮಾತಲ್ಲದ ಸದ್ದನ್ನು ಗದ್ದಲವೆಂದು ಬಗೆದು ಅಡಗಿಸುತ್ತವೆ. ತಂಬೂರಿಯ ಎಡೆಬಿಡದ ಶ್ರುತಿಯನ್ನೂ ಅವು ಫ್ಯಾನಿನ ಸದ್ದೆಂದೇ ತಿಳಿಯುತ್ತವೆ. ಹಾಡುವವರ ಕಡೆ ಜೂಮಿನ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆಯನ್ನು ತೆರೆದಿಟ್ಟರೆ ಶ್ರುತಿಯು ಉಳಿಯುತ್ತದೆ.

ಹೊತ್ತಿನ ಹಂಚಿಕೆ ಹೀಗಿರಬಹುದು. ಶರಣಾರ್ಥಿ ಮತ್ತು ಗಾಯನಕ್ಕೆ ಆರು ನಿಮಿಷ; ಒಂದೇ ಒಂದು ವಚನದ ಪದಾರ್ಥ, ಭಾವಾರ್ಥಗಳಿಗೆ ಹತ್ತು; ಒಂಬತ್ತು ಮನೆಗಳಿಗೆ ತಲಾ ಎರಡರಂತೆ ಹದಿನೆಂಟು; ಉಳಿದ ಆರು ನಿಮಿಷಗಳು ತಡವಾಗಿ ಬರುವವರಿಗೂ ಬೀಳ್ಕೊಡುವುದಕ್ಕೂ. ನಲವತ್ತಾಯಿತು. ಪರಿಚಯ, ಪ್ರಶಂಸೆಗಳಿಗೆ ಇದರಲ್ಲಿ ಸ್ಥಳವಿಲ್ಲ. ವಿದ್ವಾಂಸರನ್ನು ಕರೆದಿದ್ದರೂ ಹತ್ತು ನಿಮಿಷಗಳೇ ಅವರ ಪಾಲು, ಇದನ್ನು ಮೊದಲೇ ವಿನಯದಿಂದ ಅವರಿಗೆ ತಿಳಿಸಬೇಕು. ಮನೆಗಳು ಇಪ್ಪತ್ತು ಮೂವತ್ತಾದರೆ ಐದೈದು ಮನೆಗಳಂತೆ ಬ್ರೇಕ್‌ಔಟ್ ರೂಮುಗಳಿಗೆ ಕಳುಹಿಸಿ ಕಾಲು ಗಂಟೆಯ ಮೇಲೆ ಮರಳಿ ಕೂಡಿಸಬಹುದು. ನೂರಾರು ಮಂದಿ ಕೇಳಬೇಕಾದ ಪ್ರವಚನವಿದ್ದರೆ ಅದನ್ನು ಯೂಟ್ಯೂಬಿನ ನೇರ ಪ್ರಸಾರಕ್ಕೆ ಬಿಡುವುದು ಒಳ್ಳೆಯದು. ಅದನ್ನು ಗೋಷ್ಠಿಯೊಡನೆ ಬೆರೆಸಬಾರದು.

ಸಭೆಯನ್ನು ಇದಕ್ಕಿಂತ ಉದ್ದ ಬೆಳೆಸುವ ಆಸೆಯಿದ್ದವರು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ ಎಂಬ ಪ್ರಾಧ್ಯಾಪಕರು 2021ರಲ್ಲಿ ಹೇಳಿದ ಮಾತನ್ನು ಗಮನಿಸಬೇಕು. ಪರದೆಯ ಸಭೆಯಲ್ಲಿ ದಣಿವೇಕೆಂಬುದಕ್ಕೆ ಅವರು ನಾಲ್ಕು ಕಾರಣಗಳನ್ನು ಕೊಟ್ಟರು: ಅತಿ ಸಮೀಪದಿಂದ ಎಲ್ಲರ ಕಣ್ಣೂ ತನ್ನ ಮೇಲಿರುವಂತೆ ತೋರುವುದು, ತನ್ನ ಮುಖವನ್ನೇ ತಾನು ನೋಡುತ್ತಿರುವುದು, ಅಲುಗಾಡದೆ ಒಂದೆಡೆ ಕುಳಿತಿರುವುದು, ಇಂಗಿತವನ್ನು ತಿಳಿಸಲೂ ತಿಳಿಯಲೂ ಹೆಚ್ಚು ಶ್ರಮಪಡುವುದು. ತನ್ನ ಮುಖವು ತನಗೆ ಕಾಣದಂತೆ ಮರೆಮಾಡುವ ಆಯ್ಕೆ ಈ ಯಂತ್ರಗಳಲ್ಲಿ ಇದೆ. ವೃದ್ಧರಿಗೆ ಅದನ್ನು ಮಾಡಿಕೊಡುವುದು ಒಳಿತು. ಕ್ಯಾಮರಾ ತೆರೆಯಲೇಬೇಕೆಂಬ ಒತ್ತಾಯವೂ ಬೇಡ. ಕಿರಿದಾದ ಮನೆಯಲ್ಲಿ ಹಿಂದೆ ಏನು ಕಾಣುವುದೋ ಎಂಬ ಸಂಕೋಚದಿಂದಲೇ ಅನೇಕರು ಅದನ್ನು ಮುಚ್ಚಿರುತ್ತಾರೆ.

ಗೋಷ್ಠಿ ಮುಗಿದ ಬಳಿಕ ಯಾರು ಏನನ್ನು ಕೇಳಿದರೆಂಬುದನ್ನು ಒಂದು ಪುಟದಲ್ಲಿ ಕೈಯಿಂದ ಬರೆದು, ಅದರ ಚಿತ್ರವನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳುಹಿಸಬೇಕು. ಬಾರದಿದ್ದವರಿಗೆ ಮರುದಿನ ಒಂದು ಫೋನು. ಮುಂದಿನ ತಿಂಗಳ ವಚನವನ್ನು ಆರಿಸುವ ಸರದಿಯನ್ನು ಅಂದಿನ ಗೋಷ್ಠಿಯಲ್ಲಿ ಎಲ್ಲರಿಗಿಂತ ಕಡಿಮೆ ಮಾತನಾಡಿದವರಿಗೆ ಕೊಡಬೇಕು. ಅವರು ಆರಿಸಿದುದನ್ನು ದೊಡ್ಡ ಅಕ್ಷರಗಳಲ್ಲಿ ಬರೆದು, ಏಳು ದಿನ ಮುಂಚಿತವಾಗಿ ಒಂಬತ್ತು ಮನೆಗಳಿಗೂ ತಲುಪಿಸಬೇಕು.