ಕೇಪ್ ಟೌನ್‌ನಲ್ಲಿ ಕಂಡ ಹಕ್ಕಿ ಯಾವುದು?

ಪ್ರಶ್ನೆ: ಮಗಳ ಮನೆಗೆಂದು ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ಗೆ ಹೋದಾಗ, ಕಿರ್‌ಸ್ಟನ್‌ಬಾಷ್ ಸಸ್ಯೋದ್ಯಾನದಲ್ಲಿ ಬಾಗಿದ ಕೊಕ್ಕಿನ ಪುಟ್ಟ ಹಕ್ಕಿ ಮಕರಂದ ಹೀರುತ್ತಿತ್ತು. ಹಸಿರು ತಲೆ, ಎದೆಯಲ್ಲಿ ಕೆಂಪು ಪಟ್ಟಿ, ಬೂದು ಹೊಟ್ಟೆ. ನೆರಳಿಗೆ ಹೋದೊಡನೆ ತಲೆ ಕಪ್ಪಾಯಿತು! ಅದು ಹಮ್ಮಿಂಗ್‌ಬರ್ಡ್ ಇರಬಹುದೇ?

ಉತ್ತರ: ಇಷ್ಟು ಗಮನವಿಟ್ಟು ನೋಡಿದ್ದೀರಿ, ಸಂತೋಷ. ನಿಮ್ಮ ಅನುಮಾನ ಅನೇಕರಿಗೆ ಬರುವಂಥದ್ದೇ. ಆದರೆ ಹಮ್ಮಿಂಗ್‌ಬರ್ಡ್‌ಗಳು ಅಮೆರಿಕ ಖಂಡಗಳಲ್ಲಿ ಮಾತ್ರ ಇವೆ. ನೀವು ಕಂಡದ್ದು ಸೂರಕ್ಕಿ; ನಮ್ಮ ಹಿತ್ತಿಲ ದಾಸವಾಳಕ್ಕೆ ಬರುವ ಸೂರಕ್ಕಿಯದೇ ಕುಟುಂಬ. ಹಮ್ಮಿಂಗ್‌ಬರ್ಡ್ ಸಾಮಾನ್ಯವಾಗಿ ಗಾಳಿಯಲ್ಲೇ ನಿಂತು ಹೀರುತ್ತದೆ. ಸೂರಕ್ಕಿ ಹೆಚ್ಚಾಗಿ ಟೊಂಗೆಯ ಮೇಲೆ ಕೂತು ಹೂವಿಗೆ ಕೊಕ್ಕು ಹಾಕುತ್ತದೆ.

ಇನ್ನು ಯಾವ ಸೂರಕ್ಕಿ ಎಂಬುದು. ಆ ಉದ್ಯಾನದಲ್ಲಿ ಮುಖ್ಯವಾಗಿ ಮೂರು ಬಗೆ ಕಾಣುತ್ತವೆ.

ಮೊದಲು ಬಾಲ ನೋಡಿ. ಮೈಯೆಲ್ಲ ಹೊಳೆವ ಹಸಿರು, ಬಾಲದ ನಡುವೆ ಎರಡು ಉದ್ದ ಗರಿ ಇದ್ದರೆ ಅದು ಮಲಾಕೈಟ್ ಸೂರಕ್ಕಿಯ ಗಂಡು. ಬಾಲ ಸೇರಿ ಸುಮಾರು 25 ಸೆಂ.ಮೀ. ಇರುತ್ತದೆ.

ಆಮೇಲೆ ಹೊಟ್ಟೆ. ಅದು ಕಿತ್ತಳೆ ಬಣ್ಣದ್ದಾದರೆ ಕಿತ್ತಳೆ ಎದೆಯ ಸೂರಕ್ಕಿಯ ಗಂಡು. ಅಲ್ಲಿನ ಫೈನ್‌ಬಾಸ್ ಎಂಬ ಕುರುಚಲು ಸಸ್ಯಪ್ರದೇಶವೇ ಅದರ ನೆಲೆ. ಎರಿಕಾ ಹೂಗಳೆಂದರೆ ಅದಕ್ಕೆ ಇಷ್ಟ.

ಕೊನೆಗೆ ಎದೆ. ಬೂದು ಹೊಟ್ಟೆಯ ಮೇಲೆ ಕಿರಿದಾದ ಕೆಂಪು ಪಟ್ಟಿ, ಅದರ ಮೇಲಂಚಿಗೆ ತೆಳು ನೀಲಿ ಗೆರೆ ಇದ್ದರೆ ಅದು ದಕ್ಷಿಣದ ಜೋಡಿಪಟ್ಟಿ ಸೂರಕ್ಕಿ. ನಿಮ್ಮ ಹಕ್ಕಿ ಇದೇ. ಸುಮಾರು 12 ಸೆಂ.ಮೀ. ಉದ್ದದ್ದು. ಇದನ್ನೇ ಹೋಲುವ ದೊಡ್ಡ ಜೋಡಿಪಟ್ಟಿ ಸೂರಕ್ಕಿಯೂ ಆ ದೇಶದಲ್ಲಿದೆ. ಅದರ ಕೆಂಪು ಪಟ್ಟಿ ಬಹಳ ಅಗಲ, ಕೊಕ್ಕೂ ಉದ್ದ; ಅದು ಇರುವುದು ಕೇಪ್ ಟೌನ್‌ನಿಂದ ಪೂರ್ವಕ್ಕೆ.

ತಲೆ ಕಪ್ಪಾದದ್ದೇಕೆ? ಆ ಹಸಿರು ಹೊಳಪು ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಪ್ರತಿಫಲಿಸುವುದರಿಂದ ಬರುವಂಥದ್ದು. ಬೆಳಕಿನ ಕೋನ ತಪ್ಪಿದರೆ ಕಪ್ಪಾಗಿ ಕಾಣುತ್ತದೆ. ಕೆಂಪು ಪಟ್ಟಿಯದು ವರ್ಣದ್ರವ್ಯದ ಬಣ್ಣ, ನೆರಳಲ್ಲೂ ಕೆಂಪೇ. ಆದ್ದರಿಂದ ಹೊಳಪಿಗಿಂತ ಪಟ್ಟಿಯನ್ನು ನಂಬಿ.

ಈ ಗುರುತುಗಳೆಲ್ಲ ಗಂಡಿನವು. ಹೆಣ್ಣುಗಳು ಮಂಕು ಬಣ್ಣದವು. ಮರಿ ಮಾಡುವ ಕಾಲ ಮುಗಿದರೆ ಮಲಾಕೈಟ್ ಗಂಡೂ ಕಂದು ಬಣ್ಣಕ್ಕೆ ತಿರುಗುತ್ತದೆ. ಮುಂದಿನ ಸಲ ಹೋದಾಗ ಜೊತೆಗಿರುವ ಹಕ್ಕಿಯನ್ನೂ ಕೂತ ಹೂವನ್ನೂ ಬರೆದಿಟ್ಟುಕೊಳ್ಳಿ; ಗುರುತು ಹಿಡಿಯುವುದು ಸುಲಭವಾಗುತ್ತದೆ.