ದುಡಿಮೆಯ ಕಲಿಕೆಗೆ ಕಾಲೇಜಿನ ಕ್ರೆಡಿಟ್: ಒಂದು ಅಧ್ಯಯನ ಪಾಠ

ಪಾಠದ ಉದ್ದೇಶ: ಜೀವನಾನುಭವ ಹಾಗೂ ದುಡಿಮೆಯಿಂದ ದೊರೆತ ಕಲಿಕೆಗೆ ಉನ್ನತ ಶಿಕ್ಷಣದಲ್ಲಿ ಮಾನ್ಯತೆ ಪಡೆಯುವ ಕ್ರಮವನ್ನೂ ಅದರ ಮಿತಿಗಳನ್ನೂ ತಿಳಿಯುವುದು.

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯು ಅನುಭವಕ್ಕೂ ಓದಿಗೂ ಸಮಾನ ಸ್ಥಾನ ನೀಡಿದೆ. ಆದರೆ ಕಾಲೇಜುಗಳು ಬಹುಕಾಲದಿಂದ ಕೋಶದ ಓದನ್ನು ಮಾತ್ರ ಅಳೆಯುತ್ತ ಬಂದಿವೆ. ಪಿಯುಸಿ ಮುಗಿಸಿ ಸಂಸಾರದ ಹೊಣೆಯಿಂದ ಓದು ನಿಲ್ಲಿಸಿದ ಅನೇಕರು ಇಂದು ಸ್ವಸಹಾಯ ಸಂಘಗಳ ಲೆಕ್ಕ ಬರೆಯುತ್ತಿದ್ದಾರೆ, ಯಂತ್ರ ದುರಸ್ತಿ ಮಾಡುತ್ತಿದ್ದಾರೆ, ಆಶಾ ಕಾರ್ಯಕರ್ತೆಯರಾಗಿ ಸೇವೆ ಸಲ್ಲಿಸುತ್ತಿದ್ದಾರೆ. ಇವರು ಪದವಿಗೆ ಸೇರಿದರೆ, ಈಗಾಗಲೇ ಬಲ್ಲ ವಿಷಯವನ್ನೂ ಮೊದಲಿನಿಂದ ಕಲಿಯಬೇಕೇ ಎಂಬುದು ಈ ಪಾಠದ ಮೂಲ ಪ್ರಶ್ನೆ.

ಹಿನ್ನೆಲೆ: 2013ರಲ್ಲಿ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು ಜಾರಿಗೆ ಬಂದಿತು. 2015ರಲ್ಲಿ ಆರಂಭವಾದ ಪ್ರಧಾನ ಮಂತ್ರಿ ಕೌಶಲ ವಿಕಾಸ ಯೋಜನೆಯು ‘ಪೂರ್ವ ಕಲಿಕೆಯ ಮಾನ್ಯತೆ’ಗೆ ಅವಕಾಶ ನೀಡಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯ ತರುವಾಯ, 2021ರಲ್ಲಿ ಶೈಕ್ಷಣಿಕ ಕ್ರೆಡಿಟ್ ಬ್ಯಾಂಕ್ ಸ್ಥಾಪನೆಯಾಯಿತು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟು ಶಾಲೆ, ಕಾಲೇಜು, ಕೌಶಲ ತರಬೇತಿ ಹಾಗೂ ಅನುಭವದ ಕಲಿಕೆಯನ್ನು ಒಂದೇ ಅಳತೆಗೋಲಿನಡಿ ತಂದಿತು.

ಅಳತೆಯ ಕ್ರಮ: ಈ ಚೌಕಟ್ಟಿನಂತೆ 30 ಗಂಟೆಗಳ ಕಲಿಕೆಗೆ 1 ಕ್ರೆಡಿಟ್, ವರ್ಷಕ್ಕೆ 1200 ಗಂಟೆ, ಅಂದರೆ 40 ಕ್ರೆಡಿಟ್. ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದಿದೆ. ದುಡಿದ ಗಂಟೆಗಳು ತಾವಾಗಿಯೇ ಕ್ರೆಡಿಟ್ ಆಗುವುದಿಲ್ಲ. ಮಾನ್ಯತೆ ದೊರೆಯುವುದು ಕಳೆದ ಕಾಲಕ್ಕಲ್ಲ, ಮೌಲ್ಯಮಾಪನದಲ್ಲಿ ಸಿದ್ಧಪಡಿಸಿ ತೋರಿಸಿದ ಕಲಿಕೆಗೆ.

ಉದಾಹರಣೆ: ಗ್ರಾಮ ಪಂಚಾಯಿತಿ ಮಟ್ಟದ ಒಕ್ಕೂಟದಲ್ಲಿ ಎಂಟು ವರ್ಷ ಮುಖ್ಯ ಪುಸ್ತಕ ಬರಹಗಾರ್ತಿಯಾಗಿರುವ ಒಬ್ಬ ಮಹಿಳೆ ಬಿ.ಕಾಂ. ಪದವಿಗೆ ಸೇರಲು ಬಯಸುತ್ತಾರೆಂದು ಭಾವಿಸೋಣ. ನಗದು ಪುಸ್ತಕ, ಖಾತೆ ಪುಸ್ತಕ, ಸಾಲ ಮರುಪಾವತಿಯ ಲೆಕ್ಕ, ಬ್ಯಾಂಕ್ ಪಾಸ್‌ಬುಕ್ಕಿನೊಡನೆ ತಾಳೆ ನೋಡುವುದು, ಇವು ಅವರಿಗೆ ಕರಗತ. ಸವಕಳಿಯ ಲೆಕ್ಕ, ಕಂಪನಿ ಲೆಕ್ಕಪತ್ರಗಳು ಅಪರಿಚಿತ. ಆದ್ದರಿಂದ ಅವರು ಕೋರಬಹುದಾದದ್ದು ಮೂಲ ಲೆಕ್ಕಶಾಸ್ತ್ರಕ್ಕೆ ಸಂಬಂಧಿಸಿದ ಕ್ರೆಡಿಟ್ ಮಾತ್ರ, ಇಡೀ ಪದವಿಯನ್ನಲ್ಲ. ಆ ಪತ್ರಿಕೆಗೆ 3 ಕ್ರೆಡಿಟ್ ಇದ್ದು ಅದು ಮಾನ್ಯವಾದರೆ, 90 ಗಂಟೆಗಳ ಕಲಿಕೆಯನ್ನು ಪುನರಾವರ್ತಿಸಬೇಕಾಗಿಲ್ಲ. ಕೂಲಿ ಬಿಟ್ಟು ತರಗತಿಗೆ ಹೋಗುವವರಿಗೆ ಇದು ಸಣ್ಣ ಉಳಿತಾಯವಲ್ಲ.

ಅನುಸರಿಸಬೇಕಾದ ಕ್ರಮ:
1. ‘ಏನು ಕೆಲಸ ಮಾಡಿದೆ’ ಎಂಬುದಕ್ಕಿಂತ ‘ಏನನ್ನು ಕಲಿತೆ’ ಎಂಬುದನ್ನು ಪಟ್ಟಿ ಮಾಡಬೇಕು.
2. ಸೇವಾ ಪ್ರಮಾಣಪತ್ರ, ತರಬೇತಿ ಪತ್ರ, ಕೆಲಸದ ಮಾದರಿಗಳನ್ನು ದಿನಾಂಕ ಸಹಿತ ಜೋಡಿಸಿಡಬೇಕು. ಸಂಘದ ಲೆಕ್ಕದ ಪ್ರತಿ ನೀಡುವಾಗ ಸದಸ್ಯರ ಹೆಸರು, ಖಾತೆ ಸಂಖ್ಯೆಗಳನ್ನು ಮರೆಮಾಡಬೇಕು.
3. ಪಟ್ಟಿಯನ್ನು ವಿಶ್ವವಿದ್ಯಾಲಯದ ಪಠ್ಯಕ್ರಮದೊಡನೆ ಹೋಲಿಸಬೇಕು.
4. ಲಿಖಿತ, ಮೌಖಿಕ ಅಥವಾ ಪ್ರಾಯೋಗಿಕ ಮೌಲ್ಯಮಾಪನಕ್ಕೆ ಸಿದ್ಧರಾಗಬೇಕು.
5. ಕ್ರೆಡಿಟ್ ಬ್ಯಾಂಕಿನ ಖಾತೆಯನ್ನು ಡಿಜಿಲಾಕರ್ ಮೂಲಕ ತೆರೆಯಬೇಕು. ಜಮೆಯಾದ ಕ್ರೆಡಿಟ್‌ಗಳ ಅವಧಿ ಸಾಮಾನ್ಯವಾಗಿ ಗರಿಷ್ಠ 7 ವರ್ಷ.

ಎಚ್ಚರಿಕೆ: ಪ್ರವೇಶಕ್ಕೆ ಬೇಕಾದ ವಿದ್ಯಾರ್ಹತೆ ಬೇರೆ, ಕ್ರೆಡಿಟ್ ಬೇರೆ. ಕೌಶಲ ಪ್ರಮಾಣಪತ್ರವೇ ಪದವಿಯಲ್ಲ. ಎಲ್ಲ ವಿಶ್ವವಿದ್ಯಾಲಯಗಳೂ ಎಲ್ಲ ವಿಷಯಗಳಿಗೂ ಅನುಭವದ ಕ್ರೆಡಿಟ್ ನೀಡುವುದೆಂದು ಭಾವಿಸಬಾರದು. ಶುಲ್ಕ ಕಟ್ಟುವ ಮುನ್ನವೇ ಲಿಖಿತ ಉತ್ತರ ಪಡೆಯಬೇಕು. ‘ಅನುಭವಕ್ಕೆ ನೇರ ಪದವಿ, ಪರೀಕ್ಷೆ ಬೇಡ’ ಎನ್ನುವ ಮಧ್ಯವರ್ತಿಗಳನ್ನು ನಂಬಿದವರು ಹಣವನ್ನೂ ಕಳೆದುಕೊಳ್ಳುವರು, ಮುಂದಿನ ಉದ್ಯೋಗಾವಕಾಶವನ್ನೂ ಕಳೆದುಕೊಳ್ಳುವರು. ಸಂಸ್ಥೆಯ ಮಾನ್ಯತೆಯನ್ನೂ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ವಿಶ್ವವಿದ್ಯಾಲಯ ಅನುದಾನ ಆಯೋಗದ ಜಾಲತಾಣದಲ್ಲಿ ಪರಿಶೀಲಿಸಬಹುದು.

ಅಭ್ಯಾಸ: ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಕುಳಿತು, ಕಳೆದ ಐದು ವರ್ಷಗಳಲ್ಲಿ ತಾವು ದುಡಿಮೆಯಿಂದ ಕಲಿತ ಐದು ಸಂಗತಿಗಳನ್ನು ಬರೆಯಿರಿ. ಪ್ರತಿಯೊಂದರ ಎದುರು ಅದನ್ನು ಸಿದ್ಧಪಡಿಸುವ ಒಂದು ಆಧಾರವನ್ನು ನಮೂದಿಸಿ. ಆಧಾರ ದೊರೆಯದ ಸಾಲನ್ನು ಅಳಿಸಬೇಡಿ. ಅದನ್ನು ಹೇಗೆ ಮಾಡಿ ತೋರಿಸಬಹುದೆಂದು ನೆರೆಯವರೊಡನೆ ಚರ್ಚಿಸಿ.