ರಾತ್ರಿ ಪಾಳಿಯ ಮೊಮ್ಮಗಳಿಗೆ

ಆಲಮೇಲ,
ಭಾನುವಾರ ಸಂಜೆ



ಕರ್ತನ ಕೃಪೆಯಿಂದ ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಆಯಿಯ ಮೊಣಕಾಲು ನೋವು ಇದ್ದಂತೇ ಇದೆ, ಆಕೆಯ ಬಾಯಿಯೂ ಇದ್ದಂತೇ ಇದೆ. ಹಾಗಾಗಿ ಚಿಂತೆ ಮಾಡಬೇಡ.

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಆಗಲೇ ಉತ್ತರ ಹೇಳಲಿಲ್ಲ. “ಮುತ್ಯಾ, ಇಲ್ಲಿ ಚರ್ಚಿನ್ಯಾಗ ಡ್ರಮ್ಸು, ಗಿಟಾರು ಹಚ್ಚಿ ಆರಾಧನಿ ಮಾಡ್ತಾರ. ನಿಂತ್ರ ಕಣ್ಣಾಗ ನೀರು ಬರ್ತಾವ. ಸೋಮವಾರ ರಾತ್ರಿ ಡ್ಯೂಟಿಗೆ ಹೋದ್ರ ಏನೂ ಇಲ್ಲ, ಒಣಾ ಒಣಾ. ನಾ ದೇವರನ್ನ ಆರಾಧಸ್ತೀನೋ, ಹಾಡನ್ನೋ?” ಎಂದು ಕೇಳಿದೆಯಲ್ಲ, ಅಂಥ ಮಾತು ಫೋನಿನಲ್ಲಿ ಮುಗಿಯುವಂಥದ್ದಲ್ಲ. ಅದಕ್ಕೇ ಕಾಗದ ಹಿಡಿದು ಕೂತೆ.

ಮೊದಲು ಡ್ರಮ್ಸಿನ ವಿಷಯ ಮುಗಿಸಿಬಿಡುತ್ತೇನೆ. ನನ್ನ ವಯಸ್ಸಿನವರು ಅದನ್ನು ಬೈಯುತ್ತಾರೆ, ನಾನು ಬೈಯುವುದಿಲ್ಲ. 150ನೆಯ ಕೀರ್ತನೆ ತೆರೆದು ನೋಡು: ತುತೂರಿ, ಕಿನ್ನರಿ, ದಮ್ಮಡಿ, ಕೊಳಲು, ತಾಳ, ಕುಣಿತ, ಒಂದನ್ನೂ ಬಿಟ್ಟಿಲ್ಲ. ನಿಘಂಟಿನ ಕಿಟ್ಟೆಲ್ ಸಾಹೇಬರು ಆ ನಿಘಂಟು ಅಚ್ಚಾಗುವುದಕ್ಕೆ ಮೂರು ದಶಕ ಮೊದಲೇ, 1862ರಲ್ಲಿ, ಯೇಸುವಿನ ಚರಿತ್ರೆಯನ್ನು ನಮ್ಮ ದೇಶೀ ಛಂದಸ್ಸಿನಲ್ಲಿ ‘ಕಥಾಮಾಲೆ’ ಎಂದು ಬರೆದರು. ಜರ್ಮನಿಯಿಂದ ಬಂದವರು ನಮ್ಮ ಧಾಟಿಗೆ ಒಗ್ಗಿಕೊಂಡ ಮೇಲೆ, ನಮ್ಮ ಹುಡುಗರು ಗಿಟಾರಿಗೆ ಒಗ್ಗಿದರೆ ತಪ್ಪೇನು? ಇನ್ನು ಕೃಷ್ಣೆ ದಾಟಿದರೆ ಮುದಗಲ್ಲು. ಅಲ್ಲಿ ಆದಿಲಶಾಹಿ ಕಾಲದಿಂದಲೂ ಕ್ಯಾಥೊಲಿಕರು ಇದ್ದಾರೆ. ಮೆಡೋಸ್ ಟೇಲರ್ ಚಾಂದಬೀಬಿಯ ಮೇಲೆ ಬರೆದ ಕಾದಂಬರಿಯಲ್ಲೂ ಅವರ ಕಥೆ ಬರುತ್ತದೆ. ಪರಮಪ್ರಸಾದದ ಆರಾಧನೆ ಎಂದು ಅವರ ಪಂಥದಲ್ಲಿ ಒಂದು ರೂಢಿಯಿದೆ. ತಾಸುಗಟ್ಟಲೆ ಮಾತಿಲ್ಲದೆ ಮೊಣಕಾಲೂರಿ ಕೂತಿರುತ್ತಾರೆ. ಸದ್ದಿನಲ್ಲೂ ಆಗುತ್ತದೆ, ಸದ್ದಿಲ್ಲದೆಯೂ ಆಗುತ್ತದೆ ಎಂದಮೇಲೆ ನಿನ್ನ ತೊಡಕು ಡ್ರಮ್ಸಿನಲ್ಲಿಲ್ಲ.

ಎಲ್ಲಿದೆ ಎಂದರೆ, ನಮ್ಮ ಪ್ರಾರ್ಥನೆಯಲ್ಲಿ ನಾವೇ ಹೆಚ್ಚು, ದೇವರು ಕಡಿಮೆ. ನೀನು ಹೈಸ್ಕೂಲಿನಲ್ಲಿದ್ದಾಗ ಗೋಳಗುಮ್ಮಟಕ್ಕೆ ಹೋಗಿದ್ದೆವಲ್ಲ? ಸುತ್ತು ಮೆಟ್ಟಿಲು ಹತ್ತಿ ಪಿಸುಗುಟ್ಟುವ ಗ್ಯಾಲರಿಗೆ ಬಂದವರೆಲ್ಲ ತಮ್ಮ ತಮ್ಮ ಹೆಸರು ಕೂಗುತ್ತಿದ್ದರು. ಹೆಸರು ತಿರುಗಿ ತಿರುಗಿ ಕಿವಿಗೆ ಬಿದ್ದರೆ ಕೇಕೆ, ಸಿಳ್ಳೆ. ಕಂಬವೊಂದೂ ಇಲ್ಲದೆ ನಿಂತ ಅಷ್ಟು ದೊಡ್ಡ ಗುಮ್ಮಟ ತಲೆಯ ಮೇಲಿದೆ. ಕತ್ತೆತ್ತಿ ನೋಡಿದವರು ಎಷ್ಟು ಮಂದಿ? ನಮ್ಮ ಪ್ರಾರ್ಥನೆಯೂ ಬಹುಮಟ್ಟಿಗೆ ಹೀಗೆಯೇ. ನನ್ನ ಪರೀಕ್ಷೆ, ನನ್ನ ನೌಕರಿ, ನನ್ನ ಬಿಪಿ, ನನ್ನ ಲಿಂಬಿ ತೋಟ. ಕೇಳುವುದು ತಪ್ಪಲ್ಲ, ಕೇಳಿರಿ ಎಂದು ಯೇಸುವೇ ಹೇಳಿದ್ದಾನೆ. ಆದರೆ ಆತ ಶಿಷ್ಯರಿಗೆ ಕಲಿಸಿದ ಪ್ರಾರ್ಥನೆಯ ಕ್ರಮ ನೋಡು. ಮೊದಲು ತಂದೆಯ ನಾಮ, ಆಮೇಲೆ ಆತನ ರಾಜ್ಯ, ಆಮೇಲೆ ಆತನ ಚಿತ್ತ. ರೊಟ್ಟಿಯ ಮಾತು ಬರುವುದು ಅದಾದ ಮೇಲೆ. ಸಾಲದ ಮಾತು ಇನ್ನೂ ಆಮೇಲೆ.

ಇದನ್ನು ನನಗೆ ಕಲಿಸಿದ್ದು ಅಯ್ಯನವರ ಪ್ರಸಂಗವಲ್ಲ, ನನ್ನ ಅವ್ವ. ನೀನು ಆಕೆಯನ್ನು ನೋಡಿಲ್ಲ. 1972ರ ಬರದಲ್ಲಿ ನಾನು ಸಣ್ಣವ. ಹೊಲ ಬೀಳುಬಿದ್ದಿತ್ತು, ಎತ್ತು ಮಾರಿಯಾಗಿತ್ತು, ಅವ್ವ ಬರಗಾಲದ ಕಾಮಗಾರಿಯಲ್ಲಿ ಜಲ್ಲಿ ಒಡೆಯಲು ಹೋಗುತ್ತಿದ್ದಳು. ಆಗ ನಮಗೆ ಸಿಗುತ್ತಿದ್ದದ್ದು ಹೊರಗಿನಿಂದ ಬಂದ ಕೆಂಪು ಜೋಳ. ಆ ಹಿಟ್ಟಿಗೆ ಜಿಗಿಯೇ ಇಲ್ಲ. ಎಸರು ಹಾಕಿ ಎಷ್ಟು ನಾದಿದರೂ ಬಡಿಯುವಾಗ ಅಂಚು ಒಡೆಯುತ್ತಿತ್ತು. ಅವ್ವ ಒಡೆದ ಅಂಚನ್ನು ಬೆರಳಿನಿಂದ ಕೂಡಿಸುವಳು, ಮತ್ತೆ ಬಡಿಯುವಳು, ಹಂಚಿಗೆ ಹಾಕಿ ಒದ್ದೆ ಅರಿವೆಯಿಂದ ನೀರು ಸವರುವಳು. ಕೈ ಈ ಕೆಲಸದಲ್ಲಿದ್ದರೆ ಬಾಯಿ ಬೇರೊಂದರಲ್ಲಿ: “ಆಕಾಶ ಮಾಡಿದಾವ ನೀ, ಭೂಮಿ ಮಾಡಿದಾವ ನೀ, ದೊಡ್ಡಾವ ನೀ, ಸ್ತೋತ್ರಪ್ಪಾ.” ಬಡಿತಕ್ಕೊಂದು ಸ್ತೋತ್ರ. ನನಗೆ ಹಸಿವು, ಸಿಟ್ಟು. “ಮಳಿ ಕೇಳವ್ವಾ, ಅದನ್ನ ಬಿಟ್ಟು ಏನೇನೋ ಅಂತೀಯಲ್ಲ” ಎಂದೆ. ಆಕೆ ತಿರುಗಿ ನೋಡದೆ ಹೇಳಿದಳು: “ಕೇಳತೀನಿ ತಡಿ. ಯಾರ ಮುಂದ ನಿಂತೀನಿ ಅನ್ನೂದು ಮೊದಲ ನನಗ ತಿಳೀಬೇಕಲ್ಲ.”

ಅವ್ವನಿಗೆ ಓದು ಬರುತ್ತಿರಲಿಲ್ಲ. ಮರ ಹೂಬಿಡದೆ, ಹೊಲ ಬೆಳೆಯದೆ, ಕೊಟ್ಟಿಗೆಯಲ್ಲಿ ದನವಿಲ್ಲದೆ ಹೋದರೂ ದೇವರಲ್ಲಿ ಹಿಗ್ಗುವೆನೆಂದ ಪ್ರವಾದಿ ಹಬಕ್ಕೂಕನ ಕೊನೆಯ ಅಧ್ಯಾಯವನ್ನು ಆಕೆ ಭಾನುವಾರ ಕೇಳಿ ಬಲ್ಲಳು, ಅಷ್ಟೆ. ಆ ವರ್ಷ ನಮ್ಮ ಕೊಟ್ಟಿಗೆಯೂ ಬರಿದಾಗಿತ್ತು. ಕೊಟ್ಟದ್ದಕ್ಕೆ ಉಪಕಾರ ಹೇಳೋಣವೆಂದರೆ ಕೈಯಲ್ಲಿ ಏನೂ ಇರಲಿಲ್ಲ. ಉಪಕಾರ ಸ್ಮರಣೆಗೆ ಏನಾದರೂ ಸಿಕ್ಕಿರಬೇಕು. ಆರಾಧನೆಗೆ ಆತ ಇದ್ದರೆ ಸಾಕು. ನಿನ್ನ ಸೋಮವಾರದ ಒಣ ರಾತ್ರಿಗೆ ನಾನು ಹೇಳಬೇಕೆಂದದ್ದು ಇದೇ. ಕಣ್ಣೀರು ಬಂದರೆ ಬರಲಿ, ಅದೂ ಆತನ ದಾನವೇ. ಬರದ ದಿನ ಹೇಳಿದ ಸ್ತೋತ್ರ ಸುಳ್ಳೇನೂ ಅಲ್ಲ. ನಿನ್ನ ಮನಸ್ಸು ಒಣಗಿತೆಂದು ಆತನ ದೊಡ್ಡಸ್ತಿಕೆ ಒಣಗುತ್ತದೆಯೇ?

ಆದರೆ ಒಂದು ಎಚ್ಚರ. ದೇವರು ದೊಡ್ಡವನು ಎನ್ನುವುದು ಬೇರೆ, ಆದದ್ದೆಲ್ಲ ಒಳ್ಳೆಯದೇ ಎನ್ನುವುದು ಬೇರೆ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ದಂಡೆಯ ಊರುಗಳವರು ಹಾಸಿಗೆ ಪಾತ್ರೆ ಹೊತ್ತು ಎತ್ತರಕ್ಕೆ ನಡೆದಾಗ, “ಎಲ್ಲಾ ದೇವರ ಚಿತ್ತ, ಹಲ್ಲೆಲೂಯಾ ಅನ್ರಿ” ಎಂದು ಉಪದೇಶಿಸಿದವರನ್ನು ಕಂಡಿದ್ದೇನೆ. ನನಗೆ ಸಿಟ್ಟೇ ಬಂತು. ಕೀರ್ತನೆಗಳ ಪುಸ್ತಕದಲ್ಲಿ ಅಳುವ ಕೀರ್ತನೆಗಳೇನು ಕಡಿಮೆಯೇ? ನಿನ್ನ ವಾರ್ಡಿನಲ್ಲಿ ಕೂಸು ಕಳೆದುಕೊಂಡ ತಾಯಿಯ ಎದುರು ಸ್ತೋತ್ರ ಹೇಳಿಸಲು ಹೋಗಬೇಡ. ಕೈ ಹಿಡಿದು ಸುಮ್ಮನೆ ಕೂಡು.

ಡ್ಯೂಟಿಯಲ್ಲಿ ಹೇಗೆ ಎಂದು ಕೇಳುತ್ತೀ, ಗೊತ್ತು. 17ನೆಯ ಶತಮಾನದ ಪ್ಯಾರಿಸಿನ ಮಠವೊಂದರ ಅಡಿಗೆಮನೆಯಲ್ಲಿ ಬ್ರದರ್ ಲಾರೆನ್ಸ್ ಎಂಬುವರಿದ್ದರು. ಹಿಂದೆ ಸಿಪಾಯಿ, ಕಾಲಿಗೆ ಪೆಟ್ಟು, ಕುಂಟುತ್ತಿದ್ದರು. ಗುಡಿಯಲ್ಲಿ ಮೊಣಕಾಲೂರಿದಾಗ ದೇವರು ಎಷ್ಟು ಹತ್ತಿರವೋ, ಪಾತ್ರೆಗಳ ಗದ್ದಲದಲ್ಲೂ ಅಷ್ಟೇ ಹತ್ತಿರ ಎಂಬುದು ಅವರ ಅನುಭವ. 1691ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಮಾತು, ಪತ್ರಗಳನ್ನು ಕೂಡಿಸಿ ಪುಸ್ತಕ ಮಾಡಿದರು. ಇವತ್ತಿಗೂ ಜನ ಓದುತ್ತಾರೆ. ಓದಿದಾಗ ನನಗೆ ಅವ್ವನ ಹಂಚು ನೆನಪಾಯಿತು.

ನೀನು ಹೀಗೆ ಮಾಡಿ ನೋಡು. ನಡುರಾತ್ರಿ ಪೇಷಂಟಿನ ಮುಂಗೈ ಹಿಡಿದು ನಾಡಿ ಎಣಿಸುತ್ತೀಯಲ್ಲ, ಎಣಿಕೆ ಬರೆದ ಮೇಲೆ ಒಂದು ಉಸಿರಿನಷ್ಟು ಹೊತ್ತು ಆ ಕೈ ಬಿಡಬೇಡ. ಮನುಷ್ಯನ ಎದೆ ದಿನಕ್ಕೆ ಸುಮಾರು ಲಕ್ಷ ಸಲ ಬಡಿಯುತ್ತದೆ ಎಂದು ನೀನೇ ನನಗೆ ಹೇಳಿದ್ದೆ. ನಿದ್ದೆಯಲ್ಲಿ ಬಡಿಸುವವನು ಯಾರು? “ನೀನು” ಎಂದು ಮನಸ್ಸಿನಲ್ಲೇ ಅನ್ನು. ಏನೂ ಬೇಡಬೇಡ, ಬೇಡಿಕೆಗೆ ಆಮೇಲೆ ಹೊತ್ತಿದೆ. ಆಮೇಲೆ ಆ ಪೇಷಂಟಿನ ಹೊದಿಕೆ ಸರಿಮಾಡಿ ಮುಂದಿನ ಹಾಸಿಗೆಗೆ ನಡೆ. ಬೈಯುವ ಪೇಷಂಟಿದ್ದರೆ ಅವನ ಹೊದಿಕೆಯನ್ನೂ. ಪ್ರವಾದಿ ಆಮೋಸನು ದನ ಕಾಯುತ್ತಿದ್ದವ. ನ್ಯಾಯವಿಲ್ಲದ ಊರಿನ ಹಾಡಿನ ಗದ್ದಲವೇ ದೇವರಿಗೆ ಬೇಡವಾಯಿತೆಂದು ಅವನು ಮುಖದ ಮೇಲೇ ಹೇಳಿದ. ಭಾನುವಾರ ಕೈ ಎತ್ತಿ ಹಾಡಿ, ಸೋಮವಾರ ಆಯಾಗಳ ಮೇಲೆ ರೇಗಿದರೆ ಅವನು ಸುಮ್ಮನಿರುವವನಲ್ಲ. ನೀನು ರೇಗುತ್ತೀ ಎಂದಲ್ಲ. ನಿನಗೆ ನಿಮ್ಮ ಆಯಿಯ ಮೂಗಿನ ತುದಿಯ ಸಿಟ್ಟು ಬಂದಿದೆ ಎಂದು ಗೊತ್ತಿದ್ದು ಹೇಳಿದೆ.

ರಜೆಯ ದಿನ 148ನೆಯ ಕೀರ್ತನೆ ಓದು. ಸೂರ್ಯ, ಚಂದ್ರ, ಆಲಿಕಲ್ಲು, ಬೆಟ್ಟ, ಹಣ್ಣಿನ ಮರ, ದನಕರು, ಅರಸರು, ಮುದುಕರು, ಹುಡುಗರು, ಎಲ್ಲರನ್ನೂ ಕೀರ್ತನೆಗಾರ ಹೆಸರು ಹಿಡಿದು ಕರೆದು ಸ್ತುತಿಗೆ ನಿಲ್ಲಿಸಿದ್ದಾನೆ. ಮನೆಯ ಸಂಜೆ ಪ್ರಾರ್ಥನೆಯಲ್ಲಿ ನಾನು ಅದಕ್ಕೆ ನಮ್ಮ ಭೀಮೆ, ದೇವಣಗಾಂವದ ಸೇತುವೆ, ಕರಿನೆಲ, ತೊಗರಿ, ಲಿಂಬಿ ಗಿಡ ಸೇರಿಸಿಕೊಂಡಿದ್ದೇನೆ. ಲಿಂಬಿಯ ರೇಟು ಬಿದ್ದ ವಾರ ನಿಮ್ಮ ಆಯಿ ಆ ಸಾಲನ್ನು ಹಾರಿಸಿಬಿಡುತ್ತಾಳೆ. ನೀನು ನಿನ್ನ ವಾರ್ಡಿನದೊಂದು ಪಟ್ಟಿ ಬರೆದು ಕಳಿಸು. ಸಲೈನ್ ಬಾಟಲಿ ಇರಲಿ, ಕಿಟಕಿಯಾಚೆಯ ಮರ ಇರಲಿ, ಆ ಬೈಯುವ ಪೇಷಂಟೂ ಇರಲಿ. ಬರುವ ತಿಂಗಳ ಮೊದಲ ಭಾನುವಾರ ಇಲ್ಲಿ ಅದನ್ನು ಓದುತ್ತೇವೆ.

ಕಟಕ ರೊಟ್ಟಿ, ಶೇಂಗಾ ಹಿಂಡಿ ಬಸ್ಸಿಗೆ ಹಾಕಿ ಕಳಿಸಿದ್ದೇವೆ. ಗೆಳತಿಯರಿಗೂ ಕೊಡು. ಡಬ್ಬಿ ಮಾತ್ರ ತಿರುಗಿ ತರಬೇಕಂತೆ, ಆಯಿಯ ಹುಕುಂ.

ಇಂತಿ ನಿನ್ನ
ಮುತ್ಯಾ